ಮೊಬೈಲಿನಲ್ಲಿ ಹೋದ ಮಂತ್ರ

ಗೋಕಾಕ
೧೨ ಜೂನ್ ೨೦೦೫

ಅವ್ವಾ,

ಜೈ ಜಿನೇಂದ್ರ. ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಬರೆಯುತ್ತಾಳೆ ಇವಳು ಎಂದು ಬೈಯುತ್ತೀ, ಗೊತ್ತು. ದಡ್ಡಿಗೆ ಫೋನ್ ಮಾಡಿದರೆ ಅದು ಬಡಿಯುವುದು ದುಂಡಪ್ಪ ಕಾಕಾನ ಕಿರಾಣಿ ಅಂಗಡಿಯಲ್ಲಿ. ನಾನು ಇಲ್ಲಿ ಸೀನಿದರೆ ಅಲ್ಲಿ ಬೆಲ್ಲ ಕೊಳ್ಳಲು ಬಂದವರೆಲ್ಲ ಔಷಧಿ ಹೇಳುತ್ತಾರೆ. ಪತ್ರವಾದರೆ ನೀನೊಬ್ಬಳೇ ಓದುತ್ತೀ. ಆಮೇಲೆ ಅಪ್ಪನಿಗೂ ಓದಿ ಹೇಳುತ್ತೀ, ಅದು ಬೇರೆ ಮಾತು.

ಮಕ್ಕಳ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಈಗ ರೂಢಿಯಾಗಿದೆ. ರೋಗದ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವುದು ನನ್ನ ಕೆಲಸ. ಅಂಗೈ ಅಗಲದ ಮುಚ್ಚಳವಿರುವ ತಟ್ಟೆ, ಅದರಲ್ಲಿ ಸಮುದ್ರದ ಪಾಚಿಯಿಂದ ಮಾಡಿದ, ಮೊಸರಿನಂತೆ ಹೆಪ್ಪುಗಟ್ಟಿದ ತಿಳಿ. ಅದಕ್ಕೆ ಇನ್ನೇನು ಬೆರೆಸುತ್ತಾರೆಂದು ಕೇಳಬೇಡ, ನೀನು ಊಟ ಬಿಟ್ಟುಬಿಡುತ್ತೀ. ಮೊನ್ನೆ ಚೆನ್ನಾಗಿ ತೊಳೆದಿದ್ದೇನೆ ಎಂದುಕೊಂಡ ನನ್ನ ಹೆಬ್ಬೆರಳನ್ನೇ ಆ ತಟ್ಟೆಗೆ ಒತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟೆ. ಮರುದಿನ ತೆಗೆದು ನೋಡಿದರೆ, ಅಯ್ಯಯ್ಯ ಅವ್ವಾ, ಏನು ಹೇಳಲಿ! ನನ್ನ ಬೆರಳಿನ ಗೆರೆಗೆರೆಯ ಮೇಲೂ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಎದ್ದು ಕೂತಿದ್ದವು. ಒಂದೊಂದು ಚುಕ್ಕೆಯಲ್ಲೂ ಕೋಟಿ ಕೋಟಿ ಜೀವ. ನೀರು ಸೋಸುವಾಗ ನೀನು ಹೇಳುತ್ತಿದ್ದೆಯಲ್ಲ, ಕಣ್ಣಿಗೆ ಕಾಣದ ಜೀವ ಎಲ್ಲೆಲ್ಲೂ ತುಂಬಿವೆ ಅಂತ? ಸಣ್ಣವಳಿದ್ದಾಗ ಹೂಂಗುಟ್ಟುತ್ತಿದ್ದೆ, ಅಷ್ಟೆ. ಅಂದು ನಂಬಿದೆ. ನಿಂತ ಕಾಲಲ್ಲಿ ನಿಂತೇ ಇದ್ದೆ, ಚಹಾ ತಣ್ಣಗಾಯಿತು.

ಇಲ್ಲಿ ದಿನಕ್ಕೊಂದು ಜಗಳ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕೋಣೆಯೊಳಗೆ ಹೋಗಬೇಕಾದರೆ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ಬಳೆ ಇಲ್ಲ, ಉಂಗುರ ಇಲ್ಲ, ದಾರ ಇಲ್ಲ. ಬಾಗಿಲಲ್ಲಿ ಸುಮನ್ ಸಿಸ್ಟರ್ ನಿಂತಿರುತ್ತಾರೆ. ತುಕ್ಕಾನಟ್ಟಿಯಿಂದ ಬಂದ ತಾಯಿಯೊಬ್ಬಳು ನಿನ್ನೆ ಕೂಗಾಡಿದಳು, "ನನ್ನ ಗಂಡ ಗುಂಡಕಲ್ಲ ಇದ್ದಂಗ ಅದಾನ್ರಿ, ನಾ ಯಾಕ ಕೈ ಬರಿದ ಮಾಡ್ಕೊಳ್ಳಿ?" ಸಿಸ್ಟರ್ ಅಂದರು, "ನಿಮ್ಮ ಗಂಡಗ ಏನೂ ಆಗೂದಿಲ್ಲ ಯವ್ವಾ. ಬಳಿ ಸಂದ್ಯಾಗ ಕುಂತದ್ದು ಕೂಸಿಗೆ ಹತ್ತತೈತಿ."

ನಿನ್ನ ಸೊಸೆ, ಆರತಿ ವೈನಿ, ಮುಂದಿನ ವಾರ ತೋರಿಸಿಕೊಳ್ಳಲು ಮೂಡಲಗಿಯಿಂದ ಬರುತ್ತಾಳೆ. ದಿನ ತುಂಬಲು ಅಕ್ಟೋಬರ್ ಬೇಕು. ಎಲ್ಲ ಸರಿಯಾಗಿದೆ ಎಂದಿದ್ದಾರೆ ಡಾಕ್ಟರು.

ನಿನ್ನ ಮಗಳು
ಪ್ರಣಿತಾ


ದಡ್ಡಿ
೨೬ ಜೂನ್ ೨೦೦೫

ಪ್ರಣಿತಾ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಜೀವಗಳನ್ನು ಬೆಳೆಸಿ ನೋಡುತ್ತೇನೆ ಎಂದು ಬರೆದೆ. ನೋಡಿದ ಮೇಲೆ ಏನು ಮಾಡುತ್ತೀ? ಅದನ್ನು ಬರೆಯಲಿಲ್ಲ. ಕುದಿಸಿ ಕೊಲ್ಲುತ್ತೀರಿ ತಾನೆ? ನಾನು ನೀರು ಸೋಸಿದ ಅರಿವೆಯನ್ನು ಮತ್ತೆ ಸೋಸಿದ ನೀರಿನಲ್ಲೇ ಜಾಲಿಸಿ, ಅದನ್ನು ಕೊಡದಲ್ಲಿ ಮೆಲ್ಲಗೆ ಇಳಿಸಿ ಅದೇ ಬಾವಿಗೆ ಬಿಡುವವಳು. ಬೇರೆ ಬಾವಿಗೆ ಬಿಟ್ಟರೆ ಪಾಪದವು ಸಾಯುತ್ತವೆ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ ಇದೇನು ನೌಕರಿ ಹಿಡಿದೆಯೇ ನನ್ನವ್ವಾ? ನಿನ್ನ ಅಪ್ಪ ಕೇಳಿ, "ಕೂಸುಗೋಳ್ನ ಉಳಸೂ ಕೆಲಸ ಐತಿ, ಸುಮ್ಮ ಇರ ನೀ" ಎಂದರು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ.

ಆದರೂ ಆ ಹೆಬ್ಬೆರಳಿನ ಮಾತು ತಲೆಯಿಂದ ಹೋಗುವುದಿಲ್ಲ ನೋಡು. ಮುಂಜಾನೆ ರೊಟ್ಟಿ ಬಡಿಯಲು ಕೂತರೆ ನನ್ನ ಕೈ ನನ್ನದೇ ಅನ್ನಿಸಲಿಲ್ಲ. ಇಷ್ಟು ಜೀವ ಹೊತ್ತುಕೊಂಡು ಓಡಾಡುತ್ತಿದ್ದೇನಲ್ಲ, ಒಂದಾದರೂ ಮಾತಾಡಿಸಲಿಲ್ಲವಲ್ಲ ಎಂದು ಗಾಬರಿಯಾಯಿತು, ನಗುವೂ ಬಂತು.

ಬಳೆ ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಬಳೆಗಾರ ಹೊಸದು ಇಡುವಾಗಲೂ ಹಳೆಯದೊಂದು ಕೈಯಲ್ಲಿ ಉಳಿಸಿಕೊಂಡೇ ಇಡಿಸಿಕೊಳ್ಳುತ್ತೇನೆ. ಮದುವೆಯಾದಾಗಿನಿಂದ ಈ ಕೈ ಒಂದು ಗಳಿಗೆಯೂ ಬರಿದಾಗಿಲ್ಲ. ನಿಮ್ಮ ಸಿಸ್ಟರ್‌ಬಾಯಿಗೆ ಹೇಳಿಡು, ಈ ಜಿನ್ನವ್ವನ ಕೈಗೆ ಬಂದರೆ ನೋಡಿಕೊಳ್ಳೋಣ ಅಂತ.

ನಿನ್ನ ಅಣ್ಣ ನಿತಿನ ಮೊಬೈಲ್ ತಗೊಂಡಿದ್ದಾನೆ. ಮೊನ್ನೆ ತಂದು ತೋರಿಸಿದ. ದಾರ ಹಾಕಿ ಕೊರಳಿಗೆ ತೂಗಬಿಟ್ಟುಕೊಂಡಿದ್ದಾನೆ, ಎಮ್ಮೆಗೆ ಗಂಟೆ ಕಟ್ಟಿದ ಹಾಗೆ. ನಿನ್ನ ಅಪ್ಪ ಅದಕ್ಕೆ ಗಂಧ ಅಕ್ಷತೆ ಹಚ್ಚಿದರು. ಹೋಗುವಾಗ ಹುಕ್ಕೇರಿ ದಾರಿಯಲ್ಲಿ ಗಾಡಿ ನಿಲ್ಲಿಸಿ ದುಂಡಪ್ಪನ ಅಂಗಡಿಗೆ ಫೋನ್ ಹಚ್ಚಿದ, "ಅವ್ವಾ, ನಾ ಹೊಲದ ಬಾಜೂಕ ನಿಂತೇನಿ. ಸುತ್ತ ಒಂದ ತಂತಿ ಸೈತ ಇಲ್ಲ ನೋಡ!" ನನಗೆ ಮೈ ಜುಮ್ಮೆಂದಿತು. ತಂತಿ ಇಲ್ಲದೆ ಮಗನ ದನಿ ಗಾಳಿಯಲ್ಲಿ ಬಂದು ನನ್ನ ಕಿವಿ ಹುಡುಕಿತಲ್ಲ!

ಆರತಿಯ ದಿನ ತುಂಬುವ ಮೊದಲೇ ನನಗೆ ಹೇಳಿ ಕಳಿಸು. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳಬೇಕಾದ್ದು ಪಂಚನಮಸ್ಕಾರ ಮಂತ್ರ, ಅದೂ ಅಜ್ಜಿಯ ಬಾಯಿಂದ. ನಿನಗೂ ನಿತಿನನಿಗೂ ನನ್ನ ಅತ್ತೆ ಹೇಳಿದ್ದರು. ಅದು ತಪ್ಪಬಾರದು.

ಈಗ ಆಶೀರ್ವಾದ.
ಅವ್ವ


ಗೋಕಾಕ
೩೧ ಜುಲೈ ೨೦೦೫

ಅವ್ವಾ,

ನೀನು ಅಜ್ಜಿಯಾದೆ! ಫೋನಿನಲ್ಲಿ ಅರ್ಧ ಕೇಳಿದ್ದೀ, ಉಳಿದರ್ಧ ಇಲ್ಲಿದೆ. ಮಳೆ ನಿಂತು ಹೊಳೆ ಇಳಿದ ಮೇಲೆ ಈ ಪತ್ರ ನಿನಗೆ ಮುಟ್ಟೀತು.

ನಿನ್ನೆ ಮುಂಜಾನೆ ವೈನಿಗೆ ಒಮ್ಮೆಲೆ ಬೇನೆ ಬಂತು. ಅಣ್ಣ ಮೂಡಲಗಿಯಿಂದ ಜೀಪಿನಲ್ಲಿ ಕರೆತಂದ. ಮಧ್ಯಾಹ್ನಕ್ಕೆ ಹೆಣ್ಣು ಕೂಸು. ಎರಡು ತಿಂಗಳು ಅವಸರ ಮಾಡಿದ್ದಾಳೆ, ನಿನ್ನ ಹಾಗೆಯೇ ತಾಳ್ಮೆ ಇಲ್ಲ. ಎಷ್ಟು ಸಣ್ಣವಳೆಂದರೆ ನನ್ನ ಎರಡು ಅಂಗೈ ಸೇರಿಸಿದರೆ ಅವಳಿಗೆ ಹಾಸಿಗೆ. ತೊಗಲಿನೊಳಗಿನ ನೀಲಿ ನರ ಕಾಣುತ್ತದೆ. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದರ ಬದಿಗೆ ಕೈ ತೂರಿಸುವ ಕಿಂಡಿ. ಉಗುರು ನೋಡಬೇಕು ನೀನು. ಜೋಳದ ಹೊಟ್ಟಿನಷ್ಟು, ಆದರೆ ಹತ್ತೂ ಪೂರ್ತಿ ಇವೆ. ಯಾರು ಕೂತು ಮಾಡಿದರು ಅದನ್ನು ಎಂದು ನೋಡುತ್ತಲೇ ನಿಂತೆ.

ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಅವ್ವ ಬರಲಾರಳು ಎಂದು ಅಣ್ಣ ಅಳುಮೋರೆ ಮಾಡಿಕೊಂಡು ಕೂತಿದ್ದ. ಆಮೇಲೆ ಅವನಿಗೇ ಹೊಳೆಯಿತು, ಮೊಬೈಲ್ ಇದೆಯಲ್ಲ! ನಿನ್ನೆಯೆಲ್ಲ ಆಸ್ಪತ್ರೆಯ ಫೋನ್ ಸತ್ತಿತ್ತು. ಅಣ್ಣನ ಮೊಬೈಲೇ ಇಡೀ ವಾರ್ಡಿನ ಫೋನ್. ಡಾಕ್ಟರು, ಸಿಸ್ಟರ್‌ಗಳು, ಕೂಸುಗಳ ತಂದೆ ತಾಯಿ, ಎಲ್ಲರ ಕೈಯಲ್ಲೂ ಅದು ಆಡಿತು. ಅಣ್ಣನ ಗುಣ ಗೊತ್ತಲ್ಲ, "ತಗೋರಿ, ಮಾತಾಡ್ರಿ, ಸಂಕೋಚ ಮಾಡಬ್ಯಾಡ್ರಿ." ಕೂಸುಗಳನ್ನು ನೋಡುವ ವಿಶಾಲ ಡಾಕ್ಟರು ಅದರಲ್ಲೇ ಮಂತ್ರ ಹೇಳಿಸಲು ಆಗಲಿ ಎಂದರು. ಸುಮನ್ ಸಿಸ್ಟರೇ ಮೊಬೈಲ್ ಹಿಡಿದು ಕಿಂಡಿಯೊಳಗೆ ಕೈ ಹಾಕಿ ಕೂಸಿನ ಕಿವಿಗೆ ಹಚ್ಚಿದರು. ನಿನ್ನ ದನಿ ಪೆಟ್ಟಿಗೆಯ ಹೊರಗೆ ನಿಂತ ನಮಗೂ ಸಣ್ಣಗೆ ಕೇಳಿತು.

ಅವ್ವಾ, ನನ್ನಾಣೆಗೂ ಹೇಳುತ್ತೇನೆ, ಅವಳು ಕೇಳಿದಳು. ಬಾಜೂ ಯಂತ್ರದಲ್ಲಿ ಗುಬ್ಬಿಯ ಎದೆಯ ಹಾಗೆ ಓಡುತ್ತಿದ್ದ ಅವಳ ಎದೆಬಡಿತ ನಿಧಾನಕ್ಕೆ ಬಂತು. ತುಂಬಿದ ಹೊಳೆಯ ಆಚೆ ನೀನು, ಗಾಜಿನ ಪೆಟ್ಟಿಗೆಯಲ್ಲಿ ಅವಳು. ಅಣ್ಣ ಕಣ್ಣೊರೆಸಿಕೊಳ್ಳುವುದನ್ನು ನಾನು ಮೊದಲ ಸಲ ನೋಡಿದೆ.

ನಿನ್ನ
ಪ್ರಣಿತಾ


ದಡ್ಡಿ
೯ ಆಗಸ್ಟ್ ೨೦೦೫

ಪ್ರಣಿತಾ,

ನಿನ್ನ ಪತ್ರ ನಿನ್ನೆ ಬಂತು. ಎಷ್ಟು ಸಲ ಓದಿದೆನೋ ಏನೋ, ಹಾಳೆ ಮಡಿಕೆಯಲ್ಲಿ ಹರಿಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಮಗಳೇ.

ನನ್ನ ಕಡೆಯದನ್ನೂ ಕೇಳು. ದುಂಡಪ್ಪ ಮಳೆಯಲ್ಲಿ ಓಡಿ ಬಂದು, "ವೈನೀ, ಲಗೂನ ಬರ್ರಿ, ಗೋಕಾಕದ ಫೋನ್!" ಎಂದು ಕೂಗಿದ. ಹೇಗಿದ್ದೆನೋ ಹಾಗೇ ಓಡಿದೆ. ಅಂಗಡಿ ತುಂಬ ಮಂದಿ. ನಿತಿನ "ಹೇಳವ್ವಾ, ಈಗ ಕೂಸಿನ ಕಿವಿಗೆ ಹಚ್ಚತಾರ" ಎಂದ. ದುಂಡಪ್ಪ ತೂಕ ಮಾಡುವುದು ನಿಲ್ಲಿಸಿದ, ತಕ್ಕಡಿಯ ಮೇಲೆ ಸಕ್ಕರೆ ಹಾಗೇ ನಿಂತಿತು. ಎಲ್ಲರೂ ಕೈ ಮುಗಿದು ನಿಂತರು, ಮಂತ್ರ ನಮ್ಮದಾದರೂ. ಒಂದಕ್ಷರ ತಪ್ಪದೆ ಹೇಳಿದೆ. ಮರುದಿನ ಆ ಲೈನೂ ಹೋಯಿತು. ಒಂದು ದಿನ ಮೊದಲು ಹೋಗಿದ್ದರೆ!

ಈಗ ಲೈನು ಬಂದಿದೆ. ಆದರೆ ನಿತಿನನ ಮೊಬೈಲ್ ಹತ್ತುವುದಿಲ್ಲ. ಯಾವಳೋ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಬಂದ್ ಮಾಡಿದ್ದಾನೆ ಎಂದು ದುಂಡಪ್ಪ ಹೇಳಿದ. ಊಟ ಮಾಡುವಾಗಲೂ ಕೊರಳಿಂದ ತೆಗೆಯದ ಹುಡುಗ ಯಾಕೆ ಬಂದ್ ಮಾಡಿದ? ಕೂಸು ಹೇಗಿದೆ? ರಸ್ತೆ ಕೊಚ್ಚಿಹೋಗಿದೆ, ಬಸ್ಸಿಲ್ಲ. ಬೇಗ ಬರೆ.

ಅವ್ವ


ಗೋಕಾಕ
೧೭ ಆಗಸ್ಟ್ ೨೦೦೫

ಅವ್ವಾ,

ನಿಧಾನವಾಗಿ ಓದು. ಕೂಸಿಗೆ ಆರಾಮಿಲ್ಲ.

ಹತ್ತು ದಿನದ ಹಿಂದೆ ಹಾಲು ಬಿಟ್ಟಳು. ಮೈ ತಣ್ಣಗಾಯಿತು. ಉಸಿರು ನಡುನಡುವೆ ನಿಂತು ನಿಂತು ಹೋಗುತ್ತಿತ್ತು, ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ರಕ್ತ ತೆಗೆದು ನನ್ನ ಕೈಗೇ ಕೊಟ್ಟರು. ಬೆಳೆಸಿ ನೋಡಿದೆ. ರಕ್ತದಲ್ಲಿ ಸೋಂಕು ಇದೆ. ಬಾಜೂ ಪೆಟ್ಟಿಗೆಯ ಕೂಸಿಗೂ ಅದೇ. ಔಷಧಿ ನಡೆದಿದೆ. ವಿಶಾಲ ಡಾಕ್ಟರು ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಎಲ್ಲಿಂದ ಬಂತೆಂದು ಹುಡುಕುವುದು ನನ್ನ ಪಾಲಿಗೆ ಬಂತು. ನಲ್ಲಿ, ಬೇಸಿನ್, ಹಾಲಿನ ಬಟ್ಟಲು, ಬಾಗಿಲ ಹಿಡಿಕೆ, ಎಲ್ಲರ ಕೈ, ಒಂದೂ ಬಿಡದೆ ಹತ್ತಿ ಕಡ್ಡಿಯಿಂದ ಒರೆಸಿ ತಟ್ಟೆಗೆ ಹಾಕಿದೆ. ತಾಯಂದಿರ ಬಳೆಯನ್ನು ಬಾಗಿಲಲ್ಲೇ ತೆಗೆಸುತ್ತೇವೆ, ವಿಶಾಲ ಡಾಕ್ಟರ ಕೈಗಡಿಯಾರವನ್ನು ತೆಗೆಯಿರಿ ಎಂದವರು ಯಾರೂ ಇಲ್ಲ. ಧೈರ್ಯ ಮಾಡಿ ಕೇಳಿದೆ. ಬಿಚ್ಚಿ ಕೊಟ್ಟರು. ಅದರ ಪಟ್ಟಿಯಲ್ಲಿ ಅದೇ ಜೀವ ಸಿಕ್ಕಿತು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ನನ್ನ ಕೈಯಾಗ ಇತ್ತೇನ್ರೀ ಇದು?" ಎಂದಷ್ಟೇ ಕೇಳಿದರು. ಅಂದಿನಿಂದ ವಾರ್ಡಿನ ಎಲ್ಲರ ಗಡಿಯಾರವೂ ಹೊರಗೆ.

ಯಾರೂ ನೋಡಲು ಬರಬಾರದು ಎಂದು ಹೇಳಿದ್ದಾರೆ. ನೀನು ಸದ್ಯ ಬರಬೇಡ. ಅಣ್ಣ ಆರಾಮ ಇದ್ದಾನೆ. ವೈನಿ ಗಾಜಿನ ಆಚೆಯಿಂದ ನೋಡುತ್ತಾಳೆ.

ಪ್ರಣಿತಾ


ದಡ್ಡಿ
೨೨ ಆಗಸ್ಟ್ ೨೦೦೫

ಪ್ರಣಿತಾ,

ನೀನು ನಲ್ಲಿ ಬರೆದೆ, ಬಟ್ಟಲು ಬರೆದೆ, ಡಾಕ್ಟರ ಗಡಿಯಾರವನ್ನೂ ಬರೆದೆ. ಆ ಕೋಣೆಯೊಳಗೆ, ಆ ಪೆಟ್ಟಿಗೆಯ ಒಳಗೆ, ನನ್ನ ಮೊಮ್ಮಗಳ ಕಿವಿಯತನಕ ಹೋದ ಇನ್ನೊಂದು ವಸ್ತು ಇತ್ತು. ಅದರ ಬಗ್ಗೆ ಒಂದಕ್ಷರ ಇಲ್ಲ.

ನಾನು ಹೆಚ್ಚು ಕಲಿತವಳಲ್ಲ, ಆದರೆ ನಿನ್ನನ್ನು ಹೆತ್ತವಳು. ಚಿಕ್ಕವಳಿದ್ದಾಗ ನೀನು ತುಪ್ಪದ ಗಡಿಗೆ ಒಡೆದು ಹೀಗೆಯೇ ಊರಿನ ಸುದ್ದಿಯೆಲ್ಲ ಹೇಳಿ ಗಡಿಗೆಯದೊಂದನ್ನು ಬಿಟ್ಟಿದ್ದೆ.

ನೀರನ್ನೂ ಸೋಸದೆ ಯಾರಿಗೂ ಕೊಟ್ಟವಳಲ್ಲ ನಾನು. ಸೂರ್ಯ ಮುಳುಗಿದ ಮೇಲೆ ಬೆಂಕಿಗೆ ಹುಳ ಬೀಳುತ್ತದೆಂದು ಒಲೆ ಹೊತ್ತಿಸಿದವಳಲ್ಲ. ಮಂತ್ರ ಹೇಳಲೇಬೇಕೆಂದು ಹಟ ಹಿಡಿದವಳೂ ನಾನೇ. ಆ ಮಂತ್ರದ ಸಂಗಡ ಬೇರೆ ಏನು ಹೋಯಿತು? ನನಗೆ ಸಿಹಿ ಸವರಿ ಹೇಳಬೇಡ. ಇದ್ದದ್ದು ಇದ್ದ ಹಾಗೆ ಬರೆ.

ಜಿನ್ನವ್ವ


ಗೋಕಾಕ
೨೭ ಆಗಸ್ಟ್ ೨೦೦೫

ಅವ್ವಾ,

ಬರೆಯುತ್ತೇನೆ.

ಮೊಬೈಲನ್ನು ಪರೀಕ್ಷಿಸಬೇಕೆಂದು ನನಗೆ ಕೊನೆಗೆ ಹೊಳೆಯಿತು. ಹೊಳೆದ ಮೇಲೂ ಒಂದು ದಿನ ಸುಮ್ಮನಿದ್ದೆ. ಆಮೇಲೆ ಅಣ್ಣನ ಕೊರಳಿಂದ ಇಸಿದುಕೊಂಡು ಅದರ ಮುಖವನ್ನು ಮೆಲ್ಲಗೆ ತಟ್ಟೆಗೆ ಒತ್ತಿದೆ. ಮರುದಿನ ತಟ್ಟೆ ನೋಡಿದವಳು ಹಾಗೇ ಕೂತೆ. ಅವ್ವಾ, ಬಂಗಾರ! ಗುಂಡಿಗಳ ಸಾಲು ಹೇಗಿದೆಯೋ ಹಾಗೇ ಸಾಲುಸಾಲಾಗಿ ಬಂಗಾರದ ಬಣ್ಣದ ಚುಕ್ಕೆಗಳು. ಎಲ್ಲರೂ ಒತ್ತುವ ಹಸಿರು ಗುಂಡಿಯ ಜಾಗದಲ್ಲಿ ದಟ್ಟವಾಗಿ, ಕಿವಿಗೆ ತಾಗುವ ಮೇಲ್ತುದಿಯಲ್ಲಿ ಅರ್ಧಚಂದ್ರದ ಹಾಗೆ. ಅಕ್ಕಸಾಲಿಗನೂ ಅಷ್ಟು ಒಪ್ಪವಾಗಿ ಕೂರಿಸಲಾರ. ನಮ್ಮ ಕೂಸಿನ ಜೀವ ಹಿಂಡುತ್ತಿರುವುದು ಇದೇ ಎಂದು ಗೊತ್ತಿದ್ದೂ, ಅದು ಚೆಂದವಿತ್ತು. ಅಳು ಬಂತು. ಕಣ್ಣು ತೆಗೆಯಲಾಗಲಿಲ್ಲ.

ಕೂಸಿನ ರಕ್ತದಲ್ಲಿ, ಡಾಕ್ಟರ ಗಡಿಯಾರದಲ್ಲಿ, ಅಣ್ಣನ ಮೊಬೈಲಿನಲ್ಲಿ ಇದ್ದದ್ದು ಒಂದೇ ಜಾತಿ. ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದೂ ಒಂದೇ. ಯಾರಿಂದ ಯಾರಿಗೆ ಹೋಯಿತೆಂದು ತಟ್ಟೆ ಹೇಳುವುದಿಲ್ಲ. ಮೊಬೈಲಿನಿಂದಲೇ ಬಂತೆಂದು ನಾನು ಆಣೆ ಮಾಡಲಾರೆ, ಅಲ್ಲವೆಂದೂ ಮಾಡಲಾರೆ. ಬಳೆ ತೆಗೆಸಿದೆವು, ಕೈ ತೊಳೆಸಿದೆವು. ಎಲ್ಲರ ಕೈಯಲ್ಲಿ ಆಡಿದ ಮೊಬೈಲ್ ನಮ್ಮ ಕಣ್ಣೆದುರೇ ಒಳಗೆ ಹೋಯಿತು. ಅದೂ ಕೈಯ ಹಾಗೇ ಎಂದು ಒಬ್ಬರ ತಲೆಗೂ ಬರಲಿಲ್ಲ, ಲ್ಯಾಬಿನವಳಾದ ನನ್ನ ತಲೆಗೂ.

ಕುದಿಸಿ ಕೊಲ್ಲುತ್ತೀರಾ ಎಂದು ನೀನು ಕೇಳಿದ್ದೆ. ಹೌದು, ಕೊಲ್ಲುತ್ತೇವೆ. ಆದರೆ ಇವು ದುಷ್ಟ ಜೀವಗಳಲ್ಲ ಅವ್ವಾ. ದೊಡ್ಡವರ ಮೂಗಿನಲ್ಲಿ, ಕೈಯಲ್ಲಿ ಸುಮ್ಮನೆ ಇರುತ್ತವೆ, ಅಲ್ಲಿ ಸಾಮಾನ್ಯವಾಗಿ ಯಾರಿಗೂ ಅವುಗಳ ತಂಟೆ ಇಲ್ಲ. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಬಿಡಬಾರದು ಎನ್ನುತ್ತೀಯಲ್ಲ, ನಾವು ಅದನ್ನೇ ಮಾಡಿದೆವು.

ಕೂಸು ಹಾಲು ಬಿಟ್ಟ ದಿನವೇ, ನಿನಗೆ ಏನು ಹೇಳಲಿ ಎಂದು ಅಣ್ಣ ಮೊಬೈಲ್ ಬಂದ್ ಮಾಡಿದ್ದ, ಈಗ ಚೀಲದಲ್ಲಿ ಕಟ್ಟಿಟ್ಟಿದ್ದಾನೆ. ಮೆಟ್ಟಿಲ ಮೇಲೆ ಕೂತಿರುತ್ತಾನೆ. "ಅವ್ವಗ ಹೇಳಬ್ಯಾಡ, ಆಕಿ ಮತ್ತ ಮಂತ್ರ ಬಾಯಾಗ ತರೂದಿಲ್ಲ" ಎಂದು ಅವನೇ ಬೇಡಿಕೊಂಡಿದ್ದ.

ಈಗ ಒಳ್ಳೆಯ ಸುದ್ದಿ. ಮೊನ್ನೆಯಿಂದ ಔಷಧಿ ಹತ್ತುತ್ತಿದೆ. ನಿನ್ನೆ ಹನಿ ಹನಿ ಹಾಲು ನುಂಗಿದಳು. ಬಾಜೂ ಕೂಸೂ ಚೇತರಿಸಿಕೊಂಡಿದೆ. ಮುಂದಿನ ವಾರ ನೀನು ಬರಬಹುದು ಎಂದಿದ್ದಾರೆ ವಿಶಾಲ ಡಾಕ್ಟರು. ಆದರೆ ಒಳಗೆ ಹೋಗಬೇಕಾದರೆ ಮೊಣಕೈ ಕೆಳಗೆ ಏನೂ ಇರಬಾರದು. ಒಂದು ಬಳೆಯೂ ಇಲ್ಲ. ನಿನ್ನ ಮೇಲೆ ಬಿಟ್ಟದ್ದು.

ಪ್ರಣಿತಾ


ದಡ್ಡಿ
೧೯ ಸೆಪ್ಟೆಂಬರ್ ೨೦೦೫

ಪ್ರಣಿತಾ,

ನಾನು ಗೋಕಾಕಕ್ಕೆ ಬಂದ ದಿನ ನೀನು ಗಾಜಿನ ಆಚೆ ನಿಂತು, ಅಷ್ಟೊತ್ತು ಒಳಗೆ ಏನು ಮಾಡಿದಿ ಎಂದು ಕೇಳಿದೆ. ಅಂದು ಹೇಳಲು ಬಾಯಿ ಬರಲಿಲ್ಲ. ಇಂದು ಬರೆಯುತ್ತೇನೆ.

ಮೊದಲು ಲ್ಯಾಬಿನಲ್ಲಿ ನೀನು ಮುಚ್ಚಳ ತೆರೆಯದೆ ಆ ಬಂಗಾರದ ಚುಕ್ಕೆಗಳ ತಟ್ಟೆ ತೋರಿಸಿದೆ. ಬಸದಿಯಲ್ಲಿ ಎಷ್ಟು ಪ್ರವಚನ ಕೇಳಿದ್ದೇನೆ, ಸೂಕ್ಷ್ಮ ಜೀವ, ಅನಂತ ಜೀವ ಅಂತ. ಕಣ್ಣಾರೆ ಕಂಡದ್ದು ಅಂದೇ. ಕೈ ತಾನಾಗಿ ಜೋಡಿಸಿಕೊಂಡಿತು.

ನೀನು ಲ್ಯಾಬಿನಲ್ಲೇ ಉಳಿದೆ, ನಾವು ಕೂಸಿನ ಕೋಣೆಗೆ ಬಂದೆವು. ನೀನು ಗಾಜಿನ ಬಳಿ ಬರುವ ಮೊದಲು ಬಾಗಿಲಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಬಳೆಗಾರ ಕೈ ಹಿಂಡಿ ಇಟ್ಟ ಬಳೆ, ಸುಮ್ಮನೆ ಬರುತ್ತವೆಯೇ? ನಿನ್ನ ಅಪ್ಪನೇ ಬೇಸಿನ್ ಮುಂದೆ ನಿಂತು ನನ್ನ ಕೈಗೆ ಸಾಬೂನು ಹಚ್ಚಿ ಒಂದೊಂದಾಗಿ ಇಳಿಸಿದರು. ಕೊನೆಯದೊಂದು ಉಳಿಯಿತು. "ಇದೊಂದ ಇರಲೇಳ್ರಿ" ಎಂದೆ. ಸುಮನ್ ಸಿಸ್ಟರ್ ತಲೆ ಅಲ್ಲಾಡಿಸಿದರು. ನಿನ್ನ ಅಪ್ಪ, "ನಾ ಇಲ್ಲೇ ನಿನ್ನ ಮುಂದ ಜೀವಂತ ನಿಂತೇನಿ. ಯಾರಿಗೆ ಅಂಜತಿ?" ಎಂದು ಅದನ್ನೂ ಎಳೆದರು. ಬಳೆ ಇಡಲು ಸಿಸ್ಟರ್ ತಟ್ಟೆ ತಂದರೆ ಒಲ್ಲೆ ಎಂದು, ಎಲ್ಲ ಬಳೆಗಳನ್ನೂ ತಮ್ಮ ಬೆರಳುಗಳಿಗೆ ಪೋಣಿಸಿಕೊಂಡು ಕೈ ಎತ್ತಿ ನಿಂತರು. ಪಡಸಾಲೆಯ ಮಂದಿಯೆಲ್ಲ ನಕ್ಕರು. "ನಗ್ರಿ, ನಗ್ರಿ. ಈ ಬಳಿ ಸಪ್ಪಳ ಇಲ್ಲಂದ್ರ ನನಗ ಮನಿ ಅನಸೂದಿಲ್ಲ" ಎಂದರು ನಿನ್ನ ಅಪ್ಪ ಬಾಪುಸಾಹೇಬರು. ನನಗೆ ನಾಚಿಕೆಯಾಗಿ ಮುಖ ಎತ್ತಲಾಗಲಿಲ್ಲ.

ಒಳಗೆ ಹೋಗಿ ಕಿಂಡಿಯಲ್ಲಿ ಕೈ ಹಾಕಿದೆ. ತೋರುಬೆರಳು ಮುಂದೆ ಮಾಡಿದೆ. ಅವಳು ಹಿಡಿದಳು ಪ್ರಣಿತಾ! ಅಷ್ಟು ಜೀವಕ್ಕೆ ಅಷ್ಟು ಬಿಗಿ ಎಲ್ಲಿಂದ ಬಂತು? ಮಂತ್ರ ಹೇಳಲು ಬಾಯಿ ತೆರೆದವಳು ತಡೆದುಕೊಂಡೆ. ಮತ್ತೆ ಏನಾದರೂ ಹೋದೀತೆಂದು ಜೀವ ಹೆದರಿತು. ಬಾಯಿಗೆ ಅರಿವೆ ಕಟ್ಟಿದ್ದಾರಲ್ಲ, ನಮ್ಮ ನೀರು ಸೋಸಿದ ಹಾಗೆ ಈ ಮಾತೂ ಸೋಸಿಯೇ ಹೋಗುತ್ತದೆ ಎಂದು ಧೈರ್ಯ ತಂದುಕೊಂಡೆ. ಮೆಲ್ಲಗೆ ಹೇಳಿ ಮುಗಿಸಿದೆ. ಮುಗಿಯುವತನಕ ಬೆರಳು ಬಿಡಲಿಲ್ಲ.

ಇಂದು ಕ್ಷಮಾವಣಿ. ವರ್ಷಕ್ಕೊಮ್ಮೆ ಸಕಲ ಜೀವಗಳ ಕ್ಷಮೆ ಕೇಳುವ ದಿನ. ಇಷ್ಟು ವರ್ಷ ಬಾಯಿಪಾಠದಂತೆ ಹೇಳುತ್ತಿದ್ದೆ. ಇಂದು ಬಸದಿಯಲ್ಲಿ ನಿಂತಾಗ ಆ ಬಂಗಾರದ ಚುಕ್ಕೆಗಳೇ ಕಣ್ಣ ಮುಂದೆ. ನಿಮ್ಮನ್ನು ನಿಮ್ಮ ಜಾಗದಿಂದ ಎಳೆದು ತಂದು ಕೊಂದೆವು, ಕ್ಷಮಿಸಿರಿ ಎಂದೆ. ಇನ್ನು ಮುಂದೆ ಕೂಸನ್ನು ಮುಟ್ಟುವ ಮುಂಚೆ ಮತ್ತೆ ಸಾಬೂನು ಹಚ್ಚುತ್ತೇನೆ, ಅದಕ್ಕೂ ಕ್ಷಮಿಸಿರಿ ಎಂದೆ.

ಬಸದಿಯಿಂದ ಬಂದವಳೇ ದುಂಡಪ್ಪನ ಅಂಗಡಿಯಿಂದ ನಿತಿನನಿಗೆ ಹಚ್ಚಿದೆ. ಮೊಬೈಲ್ ಹತ್ತಿತು! "ತಮ್ಮಾ, ನನ್ನ ಹಟಕ್ಕ ನೀ ನೊಂದಿ. ಕ್ಷಮಾ ಮಾಡ" ಎಂದೆ. ಗಟ್ಟಿ ಗಂಡಸು ಆ ಕಡೆ ಹುಡುಗನ ಹಾಗೆ ಅತ್ತ. ಅಂಗಡಿಯ ಮಂದಿಯೆಲ್ಲ ಕೇಳಲಿ, ಕೇಳಿದರೇನು?

ನಾಳೆ ಕೂಸನ್ನು ಮನೆಗೆ ಬಿಡುತ್ತಾರೆ ಎಂದು ಅವನೇ ಹೇಳಿದ. ದಡ್ಡಿಗೇ ಕರೆತರುತ್ತಾನೆ. ನಿನ್ನ ಅಪ್ಪ 'ಮೊಣಕೈ ಕೆಳಗ ಏನೂ ಬ್ಯಾಡ' ಎಂದು ಹಾಡಿನಂತೆ ಗುನುಗುತ್ತ ಬಾಗಿಲ ಬಾಜೂ ಗೂಟ ಹೊಡೆದಿದ್ದಾರೆ. ನೋಡಲು ಬಂದವರ ಬಳೆ, ಗಡಿಯಾರ, ಮೊಬೈಲ್ ಎಲ್ಲ ಅಲ್ಲೇ ಉಳಿಯಬೇಕು. ನನ್ನ ಬಳೆಗಳನ್ನು ಮೊದಲು ನಾನೇ ತೂಗಹಾಕಿದೆ.

"ಹಬ್ಬದ ದಿನಾನೂ ಬರಿಗೈಲೇ ಇರತೀ ಏನ?" ಎಂದು ಕೇಳಿದರು ಅವರು.

ನಾನು ತೋರುಬೆರಳು ತೋರಿಸಿದೆ. "ಆಕಿ ಹಿಡದ ಕೈ ರೀ ಇದು. ಬರಿಗೈ ಹೆಂಗ ಆಗತೈತಿ?"

ನಿನ್ನ ಅವ್ವ
ಜಿನ್ನವ್ವ